ದೀಪಾವಳಿಗೆ ಬ್ಲ್ಯಾಕ್ ಕೋಬ್ರಾ

ಇಬ್ಬರೂ ಮೋಸಗಾರರೆಂದು ಪ್ರಭಾಕರನ್‌ಗೆ ಅವರು ಚಪ್ಪಲಿ ಕಳಚುವ ಮೊದಲೇ ಗೊತ್ತಾಗಿಹೋಯಿತು. ವಿಡಿಯೊ ಗೇಮ್ ಮಾರಲು ಬಂದವರು ನೇರ ಒಳಗೆ ಬರಬೇಕು. ಇವರು ಜಗಲಿಯಲ್ಲಿ ಕೂತಿದ್ದ ಅಜ್ಜಿ ಪೇಚ್ಚಿಯಮ್ಮಾಳ್ ಹತ್ತಿರ ನೀರು ಕೇಳಿ ಕುಡಿದು, ಊರು ಕುಲ ವಿಚಾರಿಸಿ, ಅವಳ ಮಂಡಿನೋವಿಗೆ ಮದ್ದು ಹೇಳಿ, ಆಮೇಲೆ ಬಂದರು. ಸರಕಿಲ್ಲದವನಿಗೇ ಇಷ್ಟುದ್ದ ನಾಲಿಗೆ.

ತಮಿಳುನಾಡಿನ ಉತ್ತಮಪಾಳಯಂ, ಬಸ್ ನಿಲ್ದಾಣದ ಹಿಂದಿನ ಬೀದಿ. ಎರಡು ಟಿವಿ, ಎರಡು ಹಳೇ ಗೇಮ್ ಪೆಟ್ಟಿಗೆ. ಪ್ರಭಾಕರನ್‌ನ ಅಂಗಡಿ ಅಷ್ಟೇ. ಗೋಡೆಯ ಮೇಲೆ ಪತ್ರಿಕೆಯಿಂದ ಕತ್ತರಿಸಿದ ಒಂದು ಬಣ್ಣದ ಹಾಳೆ: ‘ಬ್ಲ್ಯಾಕ್ ಕೋಬ್ರಾ 4, ಸದ್ಯದಲ್ಲೇ ಬಿಡುಗಡೆ.’ ಆ ಸದ್ಯಕ್ಕೆ ಎಂಟು ತಿಂಗಳಾಗಿತ್ತು. ಊರಿನ ಸೋಮಾರಿಗಳೆಲ್ಲ ಅದರ ಕೆಳಗೆ ಕೂತು, ಕಣ್ಣಿಂದ ನೋಡದ ಆಟಕ್ಕಾಗಿ ಅಂಗಿ ಹಿಡಿದು ಜಗಳವಾಡುತ್ತಿದ್ದರು. ಹೊಡೆದರೆ ರಕ್ತ ಬರುತ್ತದಂತೆ. ಇಲ್ಲ, ಬರುವುದಿಲ್ಲವಂತೆ. ಪಾಲಿಟೆಕ್ನಿಕ್‌ನಲ್ಲಿ ಮೂರು ಸಲ ಫೇಲಾದ ಅಳಗರ್ ಇವರಿಗೆಲ್ಲ ಪಂಡಿತ.

“ಈ ವರ್ಷ ಬರೋದಿಲ್ಲ ಮಾಪ್ಳೆ. ಜಪಾನ್‌ನಲ್ಲೇ ತಡವಂತೆ. ಎರಡು ಸಾವಿರದ ಇಸವಿಗೇ.”

“ಜಪಾನಿನವನು ನಿನಗೆ ಕಾಗದ ಹಾಕಿದ್ನಾ?” ನಂಬಿದವನೊಬ್ಬ ರೇಗಿದ.

ನಂಬಿದವರನ್ನು ಕಂಡರೂ ಪ್ರಭಾಕರನ್‌ಗೆ ಅಸಹ್ಯ, ನಂಬದವರನ್ನು ಕಂಡರೂ ಅಸಹ್ಯ. ಆದರೆ ದೀಪಾವಳಿಗೆ ಆ ಆಟ ತನ್ನ ಅಂಗಡಿಗೇ ಬರುತ್ತದೆಂದು ಊರಿಗೆಲ್ಲ ಸಾರಿದವನೂ ಅವನೇ. ಕಂಬಂನಲ್ಲಿ ಗೇಮ್ ಅಂಗಡಿ ಇಟ್ಟಿದ್ದ ತಂಗವೇಲ್ ಅದನ್ನೇ ಸಾರಿದ್ದ. ಯಾರು ಮೊದಲು ತರುತ್ತಾರೋ ಕಂಬಂ ಕಣಿವೆಯ ಗಿರಾಕಿಗಳೆಲ್ಲ ಅವರಿಗೆ. ಅಪ್ಪ ಗುರುಸಾಮಿ ಒಂದೇ ಮಾತು ಹೇಳಿದ್ದ: “ದೀಪಾವಳಿ ಮುಗೀಲಿ. ಜನ ಬರ್ಲಿಲ್ಲಾಂದ್ರೆ ಟಿವಿ ಎತ್ತಿ ಬಾಳೆಗೊನೆ ಇಳಿಸ್ತೀನಿ. ನೀನು ಗೊನೆ ಹೊರು.” ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇನ್ನೇನು ಕೆಲಸ ಎಂಬುದು ಆ ಮಾತಿನ ಬಾಲ.

ದೀಪಾವಳಿಗೆ ಒಂಬತ್ತು ದಿನ ಉಳಿದಿತ್ತು.

ಬಂದವರಲ್ಲಿ ಹಿರಿಯನು ದಿಂಡಿಗಲ್‌ನ ಬಾಲಮುರುಗನ್ ಎಂದು ಹೇಳಿಕೊಂಡ. ಜೊತೆಗೊಬ್ಬ ಸಣಕಲ. ಮೇಜಿನ ಮೇಲೆ ಮಿರಮಿರ ಮಿಂಚುವ ಪೆಟ್ಟಿಗೆ ಇಟ್ಟರು. ಹೆಡೆಯೆತ್ತಿದ ಹಾವಿನ ಚಿತ್ರ. ಅಂಟುಪಟ್ಟಿ ಸುತ್ತಿದ ಇನ್ನೊಂದು ರಟ್ಟಿನ ಪೆಟ್ಟಿಗೆ ಸಣಕಲನ ಕಾಲ ಬಳಿಯೇ ಉಳಿಯಿತು.

“ಜಿಲ್ಲೆಗೇ ಮೊದಲನೇದು ತಂಬಿ,” ಬಾಲಮುರುಗನ್ ತಮಿಳಿನಲ್ಲಿ ಬೆಣ್ಣೆ ಸವರಿದ. “ನಿನ್ನ ಎರಡು ಹಳೇ ಪೆಟ್ಟಿಗೆ ಕೊಡು, ಇದನ್ನ ಇಟ್ಕೋ. ಲೆಕ್ಕ ಚುಕ್ತಾ.”

“ಹಾಕಿ ತೋರ್ಸು.”

“ಕರೆಂಟ್ ಎಲ್ಲಿದೆ ತಂಬಿ?”

ಇರಲಿಲ್ಲ. ತಿಂಗಳಿಗೊಮ್ಮೆ ಲೈನ್ ರಿಪೇರಿಗೆಂದು ತೆಗೆಯುವ ದಿನ. ಬರುವುದು ಐದಕ್ಕೆ. ಇವರ ಬಸ್ಸು ಎರಡಕ್ಕೆ. ಪ್ರಭಾಕರನ್ ಮೂಗಿನಲ್ಲೇ ನಕ್ಕ. ಕಳ್ಳನಿಗೆ ಪಂಚಾಂಗವೂ ಗೊತ್ತು.

ಹೊರಗೆ ದಬ್ಬಬೇಕು ಎನ್ನುವಷ್ಟರಲ್ಲಿ ಸಣಕಲನು ಬಾಲಮುರುಗನ್‌ನ ಕಿವಿಯ ಹತ್ತಿರ ಬಗ್ಗಿದ. ಪಿಸುಗುಟ್ಟಿದ್ದು ಕನ್ನಡದಲ್ಲಿ.

“ಅಣ್ಣೋ, ಆ ರಟ್ಟಿನ ಪೆಟ್ಟಿಗೆ ಅತ್ಲಾಗೆ ತಳ್ಳು. ಇವ್ನ ಕಣ್ಣು ಅಲ್ಲೇ ಐತೆ.”

“ನೋಡ್ಲಿ ಬುಡ್ಲಾ. ಅಸಲು ಕೋಬ್ರಾ ಅದ್ರಾಗೈತೆ ಅಂತ ಈ ಪೆದ್ದಂಗೆ ಏನು ತಿಳೀತದೆ? ಅದು ಕಂಬಂ ತಂಗವೇಲ್‌ಗೆ. ಇವ್ನ ತಲೆಗೆ ಈ ಬಣ್ಣದ್ದು ಕಟ್ಟು.”

ಪ್ರಭಾಕರನ್‌ನ ಮುಖದಲ್ಲಿ ಒಂದು ನರವೂ ಅಲುಗಲಿಲ್ಲ. ಕನ್ನಡ ಅಡುಗೆಮನೆಯ ಮಾತು, ಅಜ್ಜಿಯ ಮಾತು. ಅಂಗಡಿಯಲ್ಲಿ ಆಡಲು ಅವನಿಗೆ ನಾಚಿಕೆ. ಅಜ್ಜಿ ಕನ್ನಡದಲ್ಲಿ ಕೂಗಿದರೂ ತಮಿಳಿನಲ್ಲೇ ಓಗೊಡುವವನು. ಆ ನಾಚಿಕೆಯೇ ಇವತ್ತು ಕಾಪಾಡಿತು. ಇವರು ದಿಂಡಿಗಲ್ ಕಡೆಯ ನಮ್ಮವರೇ ಇರಬೇಕು. ನಮ್ಮವರೇ, ಆದರೂ ಕಳ್ಳರು. ಅದೂ ದಡ್ಡ ಕಳ್ಳರು.

“ನನಗೆ ಆ ರಟ್ಟಿಂದು ಕೊಡು,” ಅಂದ, ತಮಿಳಿನಲ್ಲಿ.

ಬಾಲಮುರುಗನ್‌ನ ಮುಖ ಇಳಿಯಿತು. “ಅಯ್ಯೋ, ಅದು ಕೆಟ್ಟುಹೋದ ಮಾಲು ತಂಬಿ. ಓಡೋದೇ ಇಲ್ಲ. ಮುರುಗನ್ ಆಣೆ, ಇದಕ್ಕಿಂತ ನಿಜ ಹೇಳೋಕಾಗಲ್ಲ.”

“ಓಡದಿದ್ರೂ ಪರವಾಗಿಲ್ಲ.”

“ಆಮೇಲೆ ವಾಪಸ್ ತಗೊಳ್ಳಲ್ಲ. ಈ ತಂಬಿನೇ ಸಾಕ್ಷಿ.” ಅವನ ಬೆರಳು ಮೂಲೆಯಲ್ಲಿ ಕೂತಿದ್ದ ಅಳಗರ್‌ನತ್ತ ಹೋಯಿತು.

ಅಳಗರ್ ಎದ್ದು ನಿಂತ. “ಮಾಪ್ಳೆ, ಕೆಟ್ಟಿದೆ ಅಂತ ಅವರೇ ಬಾಯಿ ಬಿಟ್ಟು ಹೇಳ್ತಾ ಇದಾರೆ. ತಲೆ ನೆಟ್ಟಗಿದೆಯಾ?”

“ನೀನು ಪಾಸಾದ ದಿನ ಬಾ. ಹೇಳ್ಕೊಡ್ತೀನಿ.”

ಎರಡು ಹಳೇ ಪೆಟ್ಟಿಗೆಗಳನ್ನು ಅವನೇ ಗೋಣಿಚೀಲಕ್ಕೆ ತುಂಬಿಕೊಟ್ಟ. ಸಣಕಲ ಅಳುವವನಂತೆ ಮುಖ ಮಾಡಿಕೊಂಡು ಚೀಲ ಹೊತ್ತ. ತಂಗವೇಲ್‌ಗೆ ಏನು ಜವಾಬು ಹೇಳ್ತೀಯೋ ಎಂದು ಕನ್ನಡದಲ್ಲೇ ಕೇಳಿಬಿಡುವ ಚಪಲ ಪ್ರಭಾಕರನ್‌ನ ಗಂಟಲವರೆಗೂ ಬಂತು. ನುಂಗಿಕೊಂಡ. ಬುದ್ಧಿವಂತ ಬಾಯಿ ಬಿಡುವುದಿಲ್ಲ.

ಬಸ್ಸು ಹೋದ ಮೇಲೆ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ: ‘ಇಂದು ಸಂಜೆ, ಬ್ಲ್ಯಾಕ್ ಕೋಬ್ರಾ 4.’ ನಾಲ್ಕೂವರೆಗೆ ಬೀದಿ ತುಂಬಿತು. ನಂಬಿದವರೂ ಬಂದರು, ನಂಬದವರೂ ಬಂದರು. ಓಡೈಪಟ್ಟಿಯಿಂದ ಸೈಕಲ್ ತುಳಿದು ಬಂದವರೂ ಇದ್ದರು. ಅಪ್ಪ ಗುರುಸಾಮಿ ಕೂಡ ಕೈಕಟ್ಟಿಕೊಂಡು ಬಾಗಿಲಲ್ಲಿ ನಿಂತ. ಈ ಕುರಿಗಳನ್ನೆಲ್ಲ ಕಾಯಿಸುವುದರಲ್ಲಿ ಪ್ರಭಾಕರನ್‌ಗೆ ಎಂದೂ ಕಾಣದ ಸುಖವಿತ್ತು. ಐದಕ್ಕೆ ಫ್ಯಾನು ತಿರುಗಿತು. ಎಲ್ಲರೂ ಓ ಎಂದರು. ಅವನು ರಟ್ಟಿನ ಪೆಟ್ಟಿಗೆಯ ಅಂಟುಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಹರಿದ.

ಮರುದಿನ ಆಂಡಿಪಟ್ಟಿಯಲ್ಲಿ, ಜಗಲಿಯ ಮುದುಕಿಯ ಹತ್ತಿರ ನೀರು ಕೇಳಿ ಕುಡಿದ ಮೇಲೆ, ಮನೆಯಲ್ಲಿ ತೆಲುಗು ಆಡುವ ಅಂಗಡಿಯವನೊಬ್ಬನ ಮುಂದೆ, ಸಣಕಲನು ಬಾಲಮುರುಗನ್‌ನ ಕಿವಿಯ ಹತ್ತಿರ ಬಗ್ಗಿ ಅದೇ ಗುಟ್ಟನ್ನು ಅಚ್ಚ ತೆಲುಗಿನಲ್ಲಿ ಪಿಸುಗುಟ್ಟಿದ.