ಇಪ್ಪತ್ತನೆಯ ಸಾಮಾನು

ಇಪ್ಪತ್ತನೆಯ ದಿನ ಸೊಸೆ ನಡುಮನೆಯ ಕುಂಟು ಸ್ಟೂಲಿಗೆ ಕೈ ಹಾಕಿದಳು. ಅದು ಕಟಕ್ಕೆಂದಿತು.

"ಅದನ್ನ ಮುಟ್ಟಬೇಡ," ಎಂದರು ಅತ್ತೆ. ಅವರ ತೋಳಿನಲ್ಲಿ ಎಂಟು ತಿಂಗಳ ಮೊಮ್ಮಗಳಿದ್ದಳು. "ಅದರ ಪಾಡಿಗೆ ಅದು ಇರ್ಲಿ ಬಿಡು."

"ಕಾಲು ಮುರಿದ ಸ್ಟೂಲು ಯಾರಿಗೆ ಬೇಕು ಅತ್ತೆ? ಕೂತ್ರೆ ಬೀಳ್ತೀವಿ, ಕೂರದಿದ್ರೆ ಎಡವ್ತೀವಿ."

"ನಾನು ಯಾವತ್ತಾದ್ರೂ ಎಡವಿದ್ದೀನಾ?"

"ಆಯ್ತಪ್ಪಾ, ಬಿಟ್ಟೆ."

ಸೊಸೆಗೆ ಔಷಧಿ ಅಂಗಡಿಯಲ್ಲಿ ಕೆಲಸ. ಅಲ್ಲಿ ಯಾವುದೂ ತನ್ನ ಜಾಗ ಬಿಟ್ಟು ಕದಲುವಂತಿಲ್ಲ. ಮನೆಗೆ ಬಂದರೆ ಎಲ್ಲಿ ನೋಡಿದರೂ ಹಳೆಯ ಸಾಮಾನು. ಹೆರಿಗೆಯಾದ ಮೇಲೆ ನಿದ್ದೆಗೆಟ್ಟು, ಕಾರಣವಿಲ್ಲದೆ ಅಳು ಬಂದು, ತಲೆ ಚಿಟ್ಟು ಹಿಡಿದುಹೋಗಿತ್ತು. ದಿನಾ ಬೆಳಿಗ್ಗೆ ಹತ್ತೇ ನಿಮಿಷ, ಬೇಡದ ಒಂದೇ ಒಂದು ಸಾಮಾನನ್ನು ಹೊರಗೆ ಹಾಕು, ಮನಸ್ಸೂ ಹಗುರಾಗುತ್ತದೆ ಎಂದು ಗೆಳತಿಯೊಬ್ಬಳು ಹೇಳಿದ್ದಳು. ಹಿಡಿದದ್ದೇ ಹಿಡಿದದ್ದು, ಒಂದು ದಿನವೂ ತಪ್ಪಿಸಲಿಲ್ಲ. ಸುಳ್ಳು ಯಾಕೆ ಹೇಳಬೇಕು, ಇಪ್ಪತ್ತು ದಿನದಲ್ಲಿ ಅವಳ ಮುಖಕ್ಕೆ ಕಳೆ ಬಂದಿತ್ತು, ರಾತ್ರಿ ನಿದ್ದೆಯೂ ಹತ್ತುತ್ತಿತ್ತು.

ಪಾಪ, ಅವಳಿಗೇನು ಗೊತ್ತು? ಅತ್ತೆಗೆ ಕಣ್ಣು ಕಾಣುವುದಿಲ್ಲ ಎನ್ನುವುದು ಆ ಮನೆಯಲ್ಲಿ ಅತ್ತೆಯೊಬ್ಬರಿಗೇ ಗೊತ್ತಿತ್ತು. ಎರಡು ವರ್ಷದಿಂದ ನೋಟ ಇಷ್ಟಿಷ್ಟೇ ಹೋಗುತ್ತಾ ಬಂದು, ಕಿಟಕಿಯ ಬೆಳಕೊಂದು ಉಳಿದಿತ್ತು. ಯಾರಿಗೂ ಹೇಳದೆ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದರು. ಹೋದ ನೋಟ ಮತ್ತೆ ಬರುವುದಿಲ್ಲವಂತೆ. ಬಾಯಿಬಿಟ್ಟರೆ ಮಗು ಬೇರೆಯವರ ಕೈಗೆ ಹೋಗುತ್ತದೆ, ಮೊಮ್ಮಗಳು ಹುಟ್ಟಿದ ಮೇಲೆ ಅದೊಂದೇ ಅವರ ಹೆದರಿಕೆ. ಮೂವತ್ತು ವರ್ಷ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿದ ಹೆಂಗಸು ಅವರು. ಯಾವ ಅಕ್ಷರ ಯಾವ ಖಾನೆಯಲ್ಲಿದೆ ಎಂದು ಕಣ್ಣು ನೋಡುವ ಮೊದಲೇ ಕೈ ಹೋಗಿರುತ್ತಿತ್ತು. ಮನೆಯನ್ನೂ ಹಾಗೇ ಕಲಿತುಕೊಂಡಿದ್ದರು. ಹಳೆ ಪೇಪರಿನ ರಾಶಿ ಎಂದರೆ ಬಚ್ಚಲ ಬಾಗಿಲು. ಹೊಲಿಗೆ ಯಂತ್ರದ ತುಕ್ಕು ಹಿಡಿದ ಸ್ಟ್ಯಾಂಡ್ ಎಂದರೆ ಪಕ್ಕದಲ್ಲೇ ತೊಟ್ಟಿಲು. ಕುಂಟು ಸ್ಟೂಲು ಕಾಲಿಗೆ ತಾಕಿತೆಂದರೆ ಮುಂದೆ ಅಡುಗೆಮನೆಗೆ ಇಳಿಯುವ ಎರಡು ಮೆಟ್ಟಿಲು. ಸೊಸೆ ಒಂದೊಂದು ಸಾಮಾನು ತೆಗೆದಾಗಲೂ, ಅವಳು ಕೆಲಸಕ್ಕೆ ಹೋದ ಮೇಲೆ, ಮಗುವನ್ನು ಮಲಗಿಸಿ, ಗೋಡೆ ತಡವಿಕೊಂಡು ಮನೆಯನ್ನು ಮತ್ತೆ ಬಾಯಿಪಾಠ ಮಾಡುತ್ತಿದ್ದರು.

ಬಿಟ್ಟೆ ಎಂದಳಲ್ಲ, ಸೊಸೆ ಬಿಟ್ಟಿರಲಿಲ್ಲ. ಅತ್ತೆ ಕೋಣೆಯಲ್ಲಿ ಮಗುವಿನ ಬಟ್ಟೆ ಬದಲಿಸುವಾಗ, ಬೆಳಿಗ್ಗೆ ಬೆಳಿಗ್ಗೆ ಜಗಳ ಯಾಕೆ ಎಂದು ಸದ್ದಿಲ್ಲದೆ ಸ್ಟೂಲನ್ನೆತ್ತಿ ಗೇಟಿನಾಚೆ ಇಟ್ಟು ಬಂದು ತಲೆ ಬಾಚಿಕೊಳ್ಳಲು ಕೂತಳು.

ಅತ್ತೆ ಮಗುವನ್ನೆತ್ತಿಕೊಂಡು ಹಾಲು ಕಾಯಿಸಲು ಹೊರಟರು. ಕಾಲು ಸ್ಟೂಲನ್ನು ಹುಡುಕಿತು. ಇನ್ನೂ ಒಂದು ಹೆಜ್ಜೆ ಇರಬೇಕು ಎಂದುಕೊಂಡು ಇಟ್ಟರು. ನೆಲವೇ ಸಿಗಲಿಲ್ಲ. ಧಡ್ಡನೆ ಮಂಡಿಯೂರಿ ಬಿದ್ದರೂ ಮಗುವನ್ನು ಮಾತ್ರ ಎದೆಗೆ ಅವುಚಿಕೊಂಡಿದ್ದರು. ಮಗು ಕಿಟಾರನೆ ಕಿರುಚಿತು. ಅದರ ತಲೆ, ಹಣೆ, ಕೆನ್ನೆ ಎಲ್ಲ ಸವರಿ ನೋಡಿದರು. ಕೆನ್ನೆ ಒದ್ದೆಯಾಗಿತ್ತು. ಕಣ್ಣೀರೋ, ರಕ್ತವೋ? ಬೆರಳನ್ನು ನಾಲಿಗೆಗೆ ಇಟ್ಟುಕೊಂಡರು. ಉಪ್ಪು. ಅಯ್ಯೋ, ಎರಡೂ ಉಪ್ಪೇ ಅಲ್ಲವೇ!

ಸೊಸೆ ಬಾಚಣಿಗೆ ಎಸೆದು ಓಡಿಬಂದು ಮಗುವನ್ನು ಎತ್ತಿಕೊಂಡಳು.

"ರಕ್ತ ಬಂದಿದ್ಯಾ? ಸರಿಯಾಗಿ ನೋಡು," ಎಂದರು ಅತ್ತೆ.

"ನಿಮ್ಮ ಮುಂದೇನೇ ಇದ್ದಾಳಲ್ಲ ಅತ್ತೆ, ಏನೂ ಆಗಿಲ್ಲ. ಹೆದರಿ ಅಳ್ತಿದ್ದಾಳೆ ಅಷ್ಟೆ. ನಿಮ್ಮ ಮಂಡಿನೇ ತರಚಿದೆ." ಅವಳ ದನಿ ಸಣ್ಣಗಾಯಿತು. "ನಂದೇ ತಪ್ಪು. ಹೇಳದೆ ಸ್ಟೂಲು ತೆಗ್ದುಬಿಟ್ಟೆ. ಅದನ್ನ ಹಿಡ್ಕೊಂಡು ಇಳೀತಿದ್ರಿ ಅಂತ ಕಾಣುತ್ತೆ."

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ತಪ್ಪು ಸೊಸೆಯ ತಲೆಗೇ ಹೋಗಿತ್ತು. ನಾಳೆಯೂ ನಾಡಿದ್ದೂ ಮಗು ಅತ್ತೆಯ ಮಡಿಲಲ್ಲೇ ಇರುತ್ತಿತ್ತು. ಅತ್ತೆ ಬಾಯಿ ತೆರೆದರು, ಆದರೆ ಹೂಂ ಎನ್ನಲಾಗಲಿಲ್ಲ. ಬೆರಳಿನ ಒದ್ದೆಯನ್ನು ಸೆರಗಿಗೆ ಒರೆಸಿಕೊಂಡು ಮೆಟ್ಟಿಲ ಮೇಲೆಯೇ ಕೂತರು.

"ದಿನಾ ನೀನೊಂದು ಸಾಮಾನು ತೆಗೀತೀಯ. ಎರಡು ವರ್ಷದಿಂದ ನಾನೂ ಒಂದು ಬಚ್ಚಿಟ್ಕೊಂಡಿದೀನಿ. ಹೊರೋಕಾಗ್ತಿಲ್ಲ, ಇವತ್ತು ತೆಗೆದುಬಿಡ್ತೀನಿ," ಎಂದರು. "ನಂಗೆ ಕಣ್ಣು ಕಾಣಲ್ಲ ಕಣಮ್ಮ."

ಸೊಸೆ ಮಗುವನ್ನು ಬಿಗಿಯಾಗಿ ಹಿಡಿದುಕೊಂಡು ಹಿಂದೆ ಸರಿದಳು. ಸಿಟ್ಟು ನೆತ್ತಿಗೇರಿತು.

"ದಿನಾ ನಿಮ್ಮ ಕೈಗೆ ಕೊಟ್ಟು ಹೋಗ್ತಿದ್ನಲ್ಲಾ ಅತ್ತೆ! ಒಂದು ಮಾತು ಹೇಳ್ಬಾರದಿತ್ತಾ?"

"ಹೇಳಿದ್ರೆ ಕೊಡ್ತಿದ್ಯಾ?"

ಸೊಸೆ ಮಗುವಿನ ಬೆನ್ನು ತಟ್ಟಿದಳು. ಅದರ ಅಳು ಬಿಕ್ಕಳಿಕೆಗೆ ಇಳಿದಿತ್ತು.

"ನಾಳೆಯಿಂದ ಬೇರೆ ಯಾರನ್ನಾದ್ರೂ ಗೊತ್ತು ಮಾಡು, ನಾನೇನೂ ಅಂದ್ಕೊಳಲ್ಲ," ಎಂದ ಅತ್ತೆ ಕೈ ಚಾಚಿದರು, ಮಗು ಇದ್ದ ಕಡೆಗಲ್ಲ, ಸ್ವಲ್ಪ ಪಕ್ಕಕ್ಕೆ. "ಒಂದೇ ಒಂದು ಹೇಳು. ಇವಳು ಹುಟ್ಟಿದ ದಿನ ಎಲ್ಲರ ಮುಂದೆ ಥೇಟ್ ಅವಳಪ್ಪನ ಮೂಗು ಅಂದ್ಬಿಟ್ಟೆ. ಆಗ್ಲೇ ನಂಗೆ ಏನೂ ಕಾಣ್ತಿರ್ಲಿಲ್ಲ. ನಿಜವಾಗ್ಲೂ ಯಾರ ಹಾಗಿದ್ದಾಳಮ್ಮಾ?"