ನಿಧಾನದ ಸಾಲುಗಳು

ಗೇಟಿನ ಚಿಲಕಕ್ಕೆ ಇಟ್ಟ ಕೈಯನ್ನು ರಕ್ಷಿತಾ ಮತ್ತೆ ಹಿಂದಕ್ಕೆಳೆದುಕೊಂಡಳು. ರಾಮಕೃಷ್ಣನಗರದ ಆ ಮನೆ ಹುಡುಕುವುದು ಕಷ್ಟವಾಗಿರಲಿಲ್ಲ. ಮುಖ ತೋರಿಸುವುದು ಕಷ್ಟವಾಗಿತ್ತು.

ಒಳಗಿದ್ದ ಸದಾಶಿವಯ್ಯನವರನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ಊರೆಲ್ಲ ಓದುವಂತೆ ಆಡಿಕೊಂಡು ನಕ್ಕಿದ್ದಳು, ಅಷ್ಟೆ.

‘ಹನಿ’ ಎಂಬುದು ಗಿಡಗಳಿಗೆ ಗೊಬ್ಬರದ ನೀರುಣಿಸುವ ಪುಟ್ಟ ಪಂಪಿನೊಳಗೆ ಕೂತು ಅದನ್ನು ನಡೆಸುವ ಸಾಫ್ಟ್‌ವೇರ್. ಓಪನ್ ಸೋರ್ಸ್; ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು. ಹಳೆಯ ಕೋಡೆಲ್ಲ ತೇಪೆಯ ಮೇಲೆ ತೇಪೆ. ಪೂರ್ತಿ ಕಿತ್ತುಹಾಕಿ ಹೊಸದಾಗಿ ಬರೆಯೋಣ ಎಂದವಳು ರಕ್ಷಿತಾ. ಬೇಡವೆಂದವರು ಒಬ್ಬರೇ, ಐಟಿಐನಿಂದ ನಿವೃತ್ತರಾದ ಈ ಮೇಷ್ಟ್ರು. “ಒಳಗೆ ಜನ ಇರುವಾಗ ಮನೆ ಕೆಡವಬಾರದು ಕಣಮ್ಮ. ಒಂದೊಂದೇ ಹೆಂಚು ಬದಲಿಸೋಣ,” ಎಂದು ಹನಿಯ ಆನ್‌ಲೈನ್ ಚರ್ಚೆಯಲ್ಲಿ ಬರೆದಿದ್ದರು.

ಅವರ ರೀತಿಯೇ ಹಾಗೆ. ಒಂದು ಸಾಲು ತಿದ್ದುವುದು, ವಾರಗಟ್ಟಲೆ ಸುಮ್ಮನಿರುವುದು, ಆಮೇಲೆ “ಮೂರು ಹೊತ್ತೂ ಸಲೀಸಾಗಿ ಹೋಗ್ತಿದೆ” ಎಂದೊಂದು ಟಿಪ್ಪಣಿ. ಪಂಪು ಶುರುವಾಗುವಾಗ ತೊಟ್ಟು ತೊಟ್ಟಾಗಿ ಬಿಟ್ಟು, ನಿಂತು, ಮತ್ತೆ ಬಿಡುವಂತೆ ಮಾಡುವ ಒಂದಿಷ್ಟು ಸಾಲುಗಳನ್ನು ಸೇರಿಸಿದವರೂ ಅವರೇ. ಅವನ್ನು ಅಳಿಸಿದ ದಿನ ರಕ್ಷಿತಾ ಅದೇ ಚರ್ಚೆಯಲ್ಲಿ ಎಲ್ಲರೆದುರು ಕೇಳಿದ್ದಳು: “ಸೌತೆಬಳ್ಳಿಗೇನು ನೆತ್ತಿಗೇರುತ್ತಾ, ತಾತ?”

ಕೆಳಗೆ ನಗುವ ಮುಖಗಳು ಸಾಲುಗಟ್ಟಿದವು. ಸದಾಶಿವಯ್ಯ ಅಂದಿನಿಂದ ಏನೂ ಬರೆಯಲಿಲ್ಲ.

ಹೊಸದನ್ನು ಹಾಕಿದ ಮೊದಲ ಬೆಳಿಗ್ಗೆಯೇ ವರುಣಾ ಗ್ರಾಮದ ರೈತ ಪ್ರಭುಸ್ವಾಮಿಯ ಫೋನು. “ಏನವ್ವಾ, ಸುರುವಾಗ್ತಿದ್ದಂಗೇ ರಭಸುಕ್ಕೆ ಪೈಪೇ ಕಿತ್ತೋಯ್ತು! ನನ್ ಸೌತೆಬಳ್ಳಿ ಎಲ್ಲಾ ಈಜು ಕಲ್ತ್ಬುಟ್ವು!”

ಅವನು ನಗಿಸಲೆಂದೇ ಹೇಳಿದ್ದ. ಅವಳ ಕಿವಿ ಕಾದವು. ಅಳಿಸಿದ ಸಾಲುಗಳನ್ನು ಅವಳೇ ಹುಡುಕಿ ತಂದು ಮತ್ತೆ ಸೇರಿಸಿದಳು. ಆದರೆ ಆಡಿದ ಮಾತು? ಅದಕ್ಕೇ ರಸಬಾಳೆಯ ಚಿಪ್ಪು ಹಿಡಿದು ಬಂದದ್ದು.

ಬಾಗಿಲು ತೆರೆದವರ ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಒದ್ದೆ ಟವೆಲು.

“ನಾನು ರಕ್ಷಿತಾ, ಸರ್. ಹನಿಯ...”

“ಓ! ಬನ್ನಿ ತಾಯಿ, ಕೂತ್ಕೊಳಿ. ಮನೆಯವಳ ಊಟ ಆಗ್ತಾ ಇದೆ. ಅವಳದು ಸ್ವಲ್ಪ ನಿಧಾನ.” ಹಣ್ಣು ನೋಡಿ ನಕ್ಕರು. “ಇಷ್ಟೊಂದು ಯಾಕ್ ತಂದ್ರಿ? ತಿನ್ನೋನು ನಾನೊಬ್ಬನೇ.”

ಹೆಂಡತಿಗೆ ಸಕ್ಕರೆ ಕಾಯಿಲೆಯಿರಬೇಕು ಎಂದುಕೊಂಡಳು. ಅಂಗಳದಲ್ಲಿ ಬರೀ ಸಿಮೆಂಟು; ಒಂದು ಹೂಗಿಡವೂ ಇಲ್ಲ. ಆದರೆ ಒಳಕೋಣೆಯಿಂದ ಹನಿಯ ಮೋಟಾರಿನ ಟಿಕ್, ಟಿಕ್ ಕೇಳುತ್ತಿತ್ತು. ತಾರಸಿಯ ಕುಂಡಗಳಿಗೆ ಪೈಪು ಎಳೆದಿರಬೇಕು.

“ಸರ್, ನಾನು ಹಂಗೆ ಬರೀಬಾರ್ದಿತ್ತು. ತಪ್ಪಾಯ್ತು.”

“ತಪ್ಪು ನಂದೂ ಇದೆ ಕಣಮ್ಮ. ನಿಧಾನ ಯಾಕೆ ಬೇಕು ಅಂತ ಬಿಡಿಸಿ ಹೇಳ್ಬೇಕಿತ್ತು. ನಾಚಿಕೆಯಾಯ್ತು, ಸುಮ್ನಾಗ್ಬುಟ್ಟೆ.”

ವಾದದಲ್ಲಿ ಸೋತ ಮೇಷ್ಟ್ರ ನಾಚಿಕೆ. ಅವಳು ಇನ್ನಷ್ಟು ಕುಗ್ಗಿದಳು.

“ನೀವೂ ಹೊಸದನ್ನ ಹಾಕಿದ್ರಾ, ಸರ್?”

“ಹಾಕ್ದೆ. ಓದಿದೋರು ಬರ್ದಿದ್ದು, ಚೆನ್ನಾಗೇ ಇರುತ್ತೆ ಅಂತ.” ಟವೆಲಿನ ಅಂಚನ್ನು ಸುಮ್ಮನೆ ಹಿಂಡಿದರು. “ಪುಣ್ಯಕ್ಕೆ ಪಕ್ಕದಲ್ಲೇ ಕೂತಿದ್ದೆ. ತಕ್ಷಣ ಕಿತ್ತ್ಬುಟ್ಟು ಹಳೇದನ್ನೇ ಹಾಕ್ದೆ.”

“ಕುಂಡ ತುಂಬಿ ಹರೀತಾ?”

ಅವರು ಟವೆಲನ್ನು ಹೆಗಲಿಗೆ ಹಾಕಿಕೊಂಡರು. “ಬನ್ನಿ. ಪ್ರೇಮಲೀಲಾಗೂ ನಿಮ್ಮನ್ನ ನೋಡೋ ಆಸೆ,” ಎಂದು ಕೋಣೆಯ ಪರದೆ ಸರಿಸಿದರು.

ಮಂಚದ ಪಕ್ಕದ ಸ್ಟೂಲಿನ ಮೇಲೆ ಹನಿಯ ಪಂಪು, ಅದರ ಮೇಲೆ ತೆಳು ರಾಗಿಗಂಜಿಯ ಬಾಟಲಿ. ಗಂಜಿ ಸಣ್ಣ ಕೊಳವೆಯಲ್ಲಿ ತೊಟ್ಟು ತೊಟ್ಟಾಗಿ, ನಿಂತು, ಮತ್ತೆ ತೊಟ್ಟಾಗಿ, ದಿಂಬಿಗೊರಗಿದ್ದ ಪ್ರೇಮಲೀಲಾ ಅವರ ಮೂಗಿನೊಳಗೆ ಇಳಿಯುತ್ತಿತ್ತು.