ಎಲ್ಲಿಂದಲೋ ಬಂದ ಕಣಗಳು

ಫೋನು, ವೈಫೈಗಳು ಹೊರಸೂಸುವಂಥ ಮೈಕ್ರೋವೇವ್ ಅಲೆಯ ಒಂದೇ ಒಂದು ಕಣ ಬಂದು ತಾಗಿದರೂ ಗುರುತಿಸಬಲ್ಲ ಸರ್ಕ್ಯೂಟನ್ನು ಅವಳು ನಾಲ್ಕು ವರ್ಷ ಕೂತು ಕಟ್ಟಿದ್ದಳು. ಅತಿಶೀತದ ಪೆಟ್ಟಿಗೆಯೊಳಗಿದ್ದ ಅದು ಈಗ, ಏನನ್ನೂ ಕಳಿಸದಿದ್ದರೂ, ಎಲ್ಲಿಂದಲೋ ಬಂದ ಕಣಗಳನ್ನು ಎಣಿಸುತ್ತಿತ್ತು. ಆ ಕಾಟ ನಿಲ್ಲದೆ ಪಿಎಚ್‌ಡಿ ಪ್ರಬಂಧ ಸಲ್ಲಿಸುವಂತಿರಲಿಲ್ಲ.

"ಕೇಬಲ್ ಸಡಿಲ ಇರಬೇಕು ನೋಡಮ್ಮ," ಎಂದರು ಗೈಡ್.

"ಎಲ್ಲ ಬಿಗಿ ಮಾಡಿದೀನಿ ಸರ್. ಫೋನೂ ಹೊರಗೇ ಇಟ್ಟು ಬರ್ತೀನಿ. ಬೇರೆ ಯಾರಾದ್ರೂ ಇದ್ರೆ ಒಂದೂ ಬರಲ್ಲ. ನಾನೊಬ್ಳೇ ಬಾಗಿಲು ಹಾಕ್ಕೊಂಡು ಕೂತಾಗ ಮಾತ್ರ ಬರುತ್ತೆ."

"ಹಾಗಾದ್ರೆ ಯಾವುದೋ ದೆವ್ವಕ್ಕೆ ನಿನ್ನ ಮೇಲೆ ಮನಸ್ಸಾಗಿದೆ," ಗೈಡ್ ನಕ್ಕರು.

ಅವಳಿಗೆ ನಗು ಬರಲಿಲ್ಲ. ವಾರದಿಂದ ಆ ಲ್ಯಾಬ್ ಕೋಣೆಗೆ ಕಾಲಿಟ್ಟೊಡನೆ ಬೆನ್ನ ಮೇಲೆ ಏನೋ ಹರಿದಂತಾಗುತ್ತಿತ್ತು.

"ಕೋಣೆಯೊಳಗೇ ಏನೋ ಸಿಗ್ನಲ್ ಕಳಿಸ್ತಿದೆ ಸರ್. ಇವತ್ತು ಫಾಲ್ಸ್ ಸೀಲಿಂಗ್ ಬಿಚ್ಚಿಸಿ ನೋಡ್ತೀನಿ."

ಗೈಡ್ ಎದ್ದು ಬಂದು, ತಂದೆಯಂತೆ ಅವಳ ತಲೆ ನೇವರಿಸಿದರು.

"ಏನೂ ಬಿಚ್ಚಿಸಬೇಡ. ನಾಯ್ಸ್ ಅಂತ ಬರೆದು ಪ್ರಬಂಧ ಕೊಟ್ಬಿಡು, ಸಹಿ ಹಾಕ್ತೀನಿ. ನಿನ್ನೆ ಹಾಗೆ ಬಾಗಿಲು ಹಾಕ್ಕೊಂಡು, ಮೇಜಿಗೆ ತಲೆಯಿಟ್ಟು ಅಳೋದು ಮಾತ್ರ ಬೇಡಮ್ಮ, ನೋಡಕ್ಕಾಗಲ್ಲ."